ವೆಬ್‌ಕ್ಯಾಮ್ ಬಗ್ಗೆ ಒಂದೇ ಸಾಲು ಬರೆದು ಕೈ ತೊಳ್ಕೊಂಡ್ರೆ ಹೇಗೆ?

ಮಾನ್ಯ ಸಂಪಾದಕರೇ,

ಮೊದಲನೇ ಸಲ ಸ್ವಂತವಾಗಿ ಕಂಪ್ಯೂಟರ್ ಜೋಡಿಸೋರಿಗೆ ಅಂತ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ, ಚೆನ್ನಾಗೇ ಇತ್ತು, ಪ್ರೊಸೆಸರ್ ಯಾವ್ದು ತಗೋಬೇಕು ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು ವ್ಯಾಟ್‌ನ ಪವರ್ ಸಪ್ಲೈ ಸಾಕು ರ‍್ಯಾಮ್ ಯಾವ ಸ್ಲಾಟ್‌ಗೆ ಹಾಕ್ಬೇಕು ಅನ್ನೋವರೆಗೂ ಬಿಡಿಸಿ ಬಿಡಿಸಿ ಹೇಳಿದೀರಿ. ಆದ್ರೆ ವೆಬ್‌ಕ್ಯಾಮ್ ಬಗ್ಗೆ ಕಟ್ಟಕಡೇಲಿ ಒಂದೇ ಒಂದು ಸಾಲು, ದುಡ್ಡು ಉಳಿದ್ರೆ 4ಕೆ ಇರೋದು ತಗೊಳ್ಳಿ, ಯಾವ ಪೋರ್ಟಿಗೆ ಚುಚ್ಚಿದ್ರೂ ನಡೆಯುತ್ತೆ ಅಂತ. ಅದರ ಕೆಳಗೆ ಒಂದು ಕೋಷ್ಟಕ, ಕೋಷ್ಟಕದಲ್ಲಿ ರೆಸಲ್ಯೂಶನ್ ಅಂತ ಒಂದೇ ಕಾಲಂ. ಆ ಒಂದು ಸಾಲಲ್ಲಿರೋ ಎರಡೂ ಮಾತನ್ನ ನಾನು ಒಪ್ಪಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗ್ಬಹುದು, ಜಾಗ ಇಲ್ಲ ಅಂದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ ಆದ್ರೆ ಯುಎಸ್‌ಬಿ ಬಗ್ಗೆ ಬರೆದಿರೋ ಭಾಗ ಮಾತ್ರ ದಯವಿಟ್ಟು ಬಿಡ್ಬೇಡಿ.

ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂದ್ರೆ, ಮೊದಲ ಸಲ ಪಿಸಿ ಕಟ್ಟೋರಲ್ಲಿ ತುಂಬ ಜನ ಲ್ಯಾಪ್‌ಟಾಪ್ ಬಿಟ್ಟು ಬರೋರು. ಲ್ಯಾಪ್‌ಟಾಪ್‌ನಲ್ಲಿ ಕ್ಯಾಮೆರಾ, ಮೈಕು, ಸ್ಪೀಕರು, ವೈಫೈ, ಬ್ಲೂಟೂತ್ ಎಲ್ಲಾ ಕೇಳದೇನೇ ಬಂದಿರುತ್ತೆ, ಅದೆಲ್ಲ ಕಂಪ್ಯೂಟರ್ ಅಂದ್ಮೇಲೆ ಇದ್ದೇ ಇರುತ್ತೆ ಅಂತ ಮನಸ್ಸಲ್ಲಿ ಕೂತ್ಬಿಟ್ಟಿರುತ್ತೆ. ಡೆಸ್ಕ್‌ಟಾಪ್ ಜೋಡಿಸಿ ಆನ್ ಮಾಡಿ ವಿಂಡೋಸ್ ಹಾಕಿ ಮೊದಲನೇ ಮೀಟಿಂಗಿಗೆ ಕೂತಾಗ್ಲೇ ಗೊತ್ತಾಗೋದು ಈ ಡಬ್ಬದಲ್ಲಿ ಕಣ್ಣೂ ಇಲ್ಲ ಕಿವೀನೂ ಇಲ್ಲ ಅಂತ. ಆಗ ಗಡಿಬಿಡೀಲಿ ಕೈಗೆ ಸಿಕ್ಕಿದ್ದು ತಗೋತಾರೆ. 2020ರಲ್ಲಿ ಲಾಕ್‌ಡೌನ್ ಶುರುವಾದಾಗ ಇಡೀ ಜಗತ್ತಲ್ಲಿ ವೆಬ್‌ಕ್ಯಾಮ್ ಸ್ಟಾಕೇ ಖಾಲಿ ಆಗಿತ್ತಲ್ಲ, ಆವಾಗ ಹೆಸರೇ ಕೇಳಿರದ ಬ್ರ್ಯಾಂಡ್‌ಗಳು ರಾಶಿ ರಾಶಿ ಬಂದ್ವು, ಡಬ್ಬದ ಮೇಲೆ ದೊಡ್ಡ ದೊಡ್ಡ ನಂಬರ್ ಹಾಕಿ ಮಾರೋ ಚಾಳಿ ಆವಾಗಿಂದ ಇನ್ನೂ ಜಾಸ್ತಿ ಆಯ್ತು, ಇವತ್ತಿಗೂ ಹೋಗಿಲ್ಲ.

ಈಗ 4ಕೆ ವಿಷಯ. ಲೆಕ್ಕ ಹಾಕೋಣ ಬನ್ನಿ, ದೊಡ್ಡ ಲೆಕ್ಕ ಏನಲ್ಲ. 4ಕೆ ಅಂದ್ರೆ 3840×2160, ಅಂದ್ರೆ ಸುಮಾರು 83 ಲಕ್ಷ ಪಿಕ್ಸೆಲ್. 1080ಪಿ ಅಂದ್ರೆ ಸುಮಾರು 21 ಲಕ್ಷ, 720ಪಿ ಅಂದ್ರೆ 9 ಲಕ್ಷದ ಮೇಲೆ ಸ್ವಲ್ಪ. ಈಗ ಒಂದು ಮೀಟಿಂಗಲ್ಲಿ ಒಂಬತ್ತು ಜನ ಇದಾರೆ, ಆ ಕಡೆಯವರ ಮಾನಿಟರ್ 1080ಪಿ ಅಂದ್ಕೊಳ್ಳಿ, ಸ್ಕ್ರೀನು ಮೂರು ಸಾಲು ಮೂರು ಕಾಲಂ ಆಗಿ ಭಾಗ ಆಗುತ್ತೆ, ನಿಮ್ಮ ಮುಖಕ್ಕೆ ಸಿಗೋ ಚೌಕ ಹೆಚ್ಚಂದ್ರೆ 640×360. ಅಂದ್ರೆ 4ಕೆ ಕ್ಯಾಮೆರಾ ಹಿಡಿದ ಪಿಕ್ಸೆಲ್‌ಗಳಲ್ಲಿ 36ರಲ್ಲಿ ಒಂದು ಪಾಲು ಮಾತ್ರ ಆ ಕಡೆಯವರ ಕಣ್ಣಿಗೆ ಬೀಳೋದು. ಅದೂ ದಾರೀಲಿ ಕಂಪ್ರೆಸ್ ಆಗಿ ಬಂದಿರುತ್ತೆ, ಗ್ರೂಪ್ ಕಾಲ್ ಆಪ್‌ಗಳು ಸಾಮಾನ್ಯವಾಗಿ 720ಪಿ ಅಥವಾ ಅದಕ್ಕೂ ಕಮ್ಮೀಲೇ ವಿಡಿಯೋ ಕಳಿಸೋದು, ನೆಟ್ ಸ್ವಲ್ಪ ಕೈ ಕೊಟ್ರೆ ಇನ್ನೂ ಇಳಿಸುತ್ತೆ. ಹಾಗಾದ್ರೆ 4ಕೆ ಯಾರಿಗೂ ಬೇಡ್ವಾ ಅಂದ್ರೆ ಬೇಕು, ವಿಡಿಯೋ ರೆಕಾರ್ಡ್ ಮಾಡಿ ಆಮೇಲೆ ಎಡಿಟಿಂಗಲ್ಲಿ ಕ್ರಾಪ್ ಮಾಡೋರಿಗೆ ಬೇಕು, ಮೇಲಿಂದ ಕ್ಯಾಮೆರಾ ನೇತುಹಾಕಿ ಕೈಬರಹ ತೋರಿಸಿ ಪಾಠ ಮಾಡೋ ಮೇಷ್ಟ್ರುಗಳಿಗೆ ಉಪಯೋಗ ಇದೆ, ಮುಖದ ಹಿಂದೇನೇ ಫ್ರೇಮ್ ತಿರುಗಿಸ್ಕೊಂಡು ಹೋಗೋ ಆಟೋ ಫ್ರೇಮಿಂಗ್ ಬೇಕು ಅನ್ನೋರಿಗೂ ಸರಿ, ಯಾಕಂದ್ರೆ ಅದು ದೊಡ್ಡ ಚಿತ್ರದಿಂದ ಒಂದು ತುಂಡು ಕತ್ತರಿಸಿ ಕೊಡೋದು ಅಷ್ಟೇ. ಮೀಟಿಂಗು, ಕ್ಲಾಸು, ಇಂಟರ್‌ವ್ಯೂ ಇಷ್ಟಕ್ಕೇ ಅಂದ್ರೆ ಒಳ್ಳೇ 1080ಪಿ ಸಾಕು, ಸಾಕು ಅನ್ನೋದಲ್ಲ, ಎಷ್ಟೋ ಸಲ ಅದೇ ಚೆನ್ನಾಗಿರುತ್ತೆ. ಯಾಕೆ ಅಂತ ಹೇಳ್ತೀನಿ.

ಕ್ಯಾಮೆರಾ ಒಳಗಿರೋ ಸೆನ್ಸರ್ ಮೇಲೆ ಬೀಳೋ ಬೆಳಕೇ ಚಿತ್ರ ಆಗೋದು. ಸೆನ್ಸರ್ ಅಳತೆ ಅಷ್ಟೇ ಇಟ್ಟು ಪಿಕ್ಸೆಲ್ ಜಾಸ್ತಿ ಮಾಡಿದ್ರೆ ಒಂದೊಂದು ಪಿಕ್ಸೆಲ್ಲೂ ಚಿಕ್ಕದಾಗುತ್ತೆ, ಅದರ ಪಾಲಿಗೆ ಬರೋ ಬೆಳಕೂ ಕಮ್ಮಿ. ಸೋನಿ ಕಂಪನಿಯ ಎರಡು ಸೆನ್ಸರ್ ತಗೊಳ್ಳಿ, ಐಎಂಎಕ್ಸ್ 327 ಮತ್ತೆ ಐಎಂಎಕ್ಸ್ 415, ಎರಡೂ 1/2.8 ಇಂಚಿನವೇ, ಮೊದಲನೇದು 1080ಪಿ, ಅದರ ಪಿಕ್ಸೆಲ್ 2.9 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಎರಡನೇದು 4ಕೆ, ಅದರ ಪಿಕ್ಸೆಲ್ 1.45 ಮೈಕ್ರಾನ್. ಅಗಲ ಅರ್ಧ, ಎತ್ತರ ಅರ್ಧ, ಅಂದ್ರೆ ವಿಸ್ತೀರ್ಣ ಕಾಲು ಭಾಗ. ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಕೊಟ್ರೆ ಈ ನಷ್ಟ ತುಂಬ ಮಟ್ಟಿಗೆ ಸರಿಹೋಗುತ್ತೆ, ಒಳ್ಳೇ ಕ್ಯಾಮೆರಾಗಳು ಹಾಗೆ ಮಾಡೋದೂ ಉಂಟು, ಆದ್ರೆ ಅಗ್ಗದ 4ಕೆ ಕ್ಯಾಮೆರಾದಲ್ಲಿ ಸೆನ್ಸರ್ರೇ ಇದಕ್ಕಿಂತ ಚಿಕ್ಕದಿರುತ್ತೆ, ಸೇರಿಸೋ ಜಾಣ್ಮೆನೂ ಇರಲ್ಲ. ಅಂದಹಾಗೆ ಈ 1/2.8 ಇಂಚು ಅನ್ನೋದೂ ನಿಜವಾದ ಇಂಚಲ್ಲ, ಹಳೇ ಕಾಲದ ಟಿವಿ ಕ್ಯಾಮೆರಾ ಟ್ಯೂಬಿನ ಹೊರಗಿನ ಅಳತೆ ಹೇಳೋ ಪದ್ಧತಿ ಹಾಗೇ ಉಳ್ಕೊಂಡು ಬಂದಿದೆ, ಆ ಸೆನ್ಸರ್ ಮೂಲೆಯಿಂದ ಮೂಲೆಗೆ ಅಳೆದ್ರೆ ಸುಮಾರು ಆರೂವರೆ ಮಿಲಿಮೀಟರ್ ಅಷ್ಟೇ. ಆದ್ರೆ ಹೋಲಿಸಿ ನೋಡೋಕೆ ಸಾಕು, ಕೆಳಗಿನ ನಂಬರ್ ಚಿಕ್ಕದಿದ್ದಷ್ಟೂ ಸೆನ್ಸರ್ ದೊಡ್ಡದು, 1/2.8 ಅನ್ನೋದು 1/4ಕ್ಕಿಂತ ದೊಡ್ಡದು. ಲೆನ್ಸಿನ ಎಫ್ ನಂಬರ್‌ದೂ ಹಾಗೇ, ಎಫ್ 2.0 ಲೆನ್ಸು ಎಫ್ 2.8 ಲೆನ್ಸಿಗಿಂತ ಎರಡು ಪಟ್ಟು ಬೆಳಕು ಒಳಗೆ ಬಿಡುತ್ತೆ. ಡಬ್ಬದ ಮೇಲೆ 4ಕೆ ಅಂತ ಅಂಗೈ ಅಗಲ ಅಕ್ಷರದಲ್ಲಿ ಹಾಕೋರು ಸೆನ್ಸರ್ ಅಳತೆ ಎಲ್ಲೂ ಹಾಕಿರಲ್ಲ, ಹಾಕಿಲ್ಲ ಅಂದ್ರೇನೇ ಅದು ಒಂದು ಸೂಚನೆ ಅಂತ ತಿಳ್ಕೊಳ್ಳಿ.

ಬೆಳಕು ಕಮ್ಮಿ ಆದ್ರೆ ಏನಾಗುತ್ತೆ? ಕ್ಯಾಮೆರಾ ಹತ್ರ ಇರೋದು ಎರಡೇ ದಾರಿ. ಒಂದು, ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಕಣ್ಣು ತೆರೆದಿಡೋದು. ಸೆಕೆಂಡಿಗೆ 30 ಫ್ರೇಮ್ ಬೇಕು ಅಂದ್ರೆ ಒಂದು ಫ್ರೇಮಿಗೆ ಹೆಚ್ಚಂದ್ರೆ 33 ಮಿಲಿಸೆಕೆಂಡ್ ಸಿಗೋದು, ಅದು ಸಾಲಲ್ಲ ಅಂತ ಕ್ಯಾಮೆರಾ ತಾನೇ ತೀರ್ಮಾನ ಮಾಡಿ 66ಕ್ಕೆ ಏರಿಸುತ್ತೆ, ಅಲ್ಲಿಗೆ ನಿಮ್ಮ 30 ಫ್ರೇಮ್ 15 ಆಯ್ತು, ಕೈ ಆಡಿಸಿದ್ರೆ ಮಸುಕು, ಮಾತಾಡೋದೂ ತುಟಿ ಆಡೋದೂ ತಾಳೆ ಆಗಲ್ಲ. ಸಂಜೆ ಹೊತ್ತು ನೆಟ್ ಸ್ಲೋ ಆಗಿದೆ ಅಂತ ಬೈಕೊಳ್ಳೋ ಎಷ್ಟೋ ಜನರ ಸಮಸ್ಯೆ ನೆಟ್ ಅಲ್ಲವೇ ಅಲ್ಲ, ಇದು. ಎರಡನೇ ದಾರಿ, ಬಂದಷ್ಟೇ ಸಿಗ್ನಲ್ಲನ್ನ ಜೋರು ಮಾಡೋದು, ಆಗ ಚುಕ್ಕಿ ಚುಕ್ಕಿ ಬರುತ್ತೆ, ಆ ಚುಕ್ಕಿ ಅಳಿಸೋಕೆ ಹೋಗಿ ಕ್ಯಾಮೆರಾ ಸಾಫ್ಟ್‌ವೇರ್ ಹುಬ್ಬು, ಗಡ್ಡದ ಕೂದಲು, ಬಟ್ಟೆ ನೇಯ್ಗೆ ಎಲ್ಲಾನೂ ಸವರಿ ಹಾಕುತ್ತೆ. ಹೀಗೆ ಸವರಿ ಹಾಕಿದ 4ಕೆಗಿಂತ ಸ್ವಚ್ಛವಾದ 1080ಪಿ ಎಷ್ಟೋ ಮೇಲು. ಆದ್ರಿಂದ ಯಾವುದೇ ರಿವ್ಯೂ ನೋಡೋವಾಗ ಬೆಳಗ್ಗೆ ಕಿಟಕಿ ಮುಂದೆ ತೆಗೆದ ಚಿತ್ರ ಬಿಡಿ, ರಾತ್ರಿ ಒಂದು ಬಲ್ಬಿನ ಬೆಳಕಲ್ಲಿ ತೆಗೆದಿದ್ದು ಇದ್ಯಾ ಅಂತ ಹುಡುಕಿ. ಹಗಲು ಬೆಳಕಲ್ಲಿ ಎಲ್ಲಾ ಕ್ಯಾಮೆರಾನೂ ಜಾಣನೇ.

ಇನ್ನು ಸುಳ್ಳು ನಂಬರ್‌ಗಳ ಕಥೆ. ಕೆಲವು ವೆಬ್‌ಕ್ಯಾಮ್ ಮೇಲೆ 4ಕೆ ಅಂತಾನೋ ಇಷ್ಟು ಮೆಗಾಪಿಕ್ಸೆಲ್ ಅಂತಾನೋ ಇರುತ್ತೆ, ಒಳಗಿರೋ ಸೆನ್ಸರ್ ಅಷ್ಟು ಪಿಕ್ಸೆಲ್ ಹಿಡಿಯೋದೇ ಇಲ್ಲ, ಹಿಡಿದಿದ್ದನ್ನ ಸಾಫ್ಟ್‌ವೇರಲ್ಲಿ ಎಳೆದು ದೊಡ್ಡದು ಮಾಡಿರ್ತಾರೆ. ಇಂಟರ್‌ಪೊಲೇಟೆಡ್ ಅಂತ ಎಲ್ಲೋ ಮೂಲೇಲಿ ಸಣ್ಣಕ್ಷರದಲ್ಲಿ ಇದ್ರೂ ಇರಬಹುದು. ಕಂಡುಹಿಡಿಯೋಕೆ ಒಂದು ಸುಲಭ ದಾರಿ ಇದೆ, ಸಣ್ಣ ಅಕ್ಷರದ ಪುಸ್ತಕದ ಪುಟ ಒಂದನ್ನ ಕ್ಯಾಮೆರಾ ಮುಂದೆ ಇಟ್ಟು ದೊಡ್ಡ ರೆಸಲ್ಯೂಶನ್‌ನಲ್ಲೂ ಚಿಕ್ಕದ್ರಲ್ಲೂ ಒಂದೊಂದು ಫೋಟೋ ತೆಗೀರಿ, ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿ ನೋಡಿ, ಅಕ್ಷರ ಎರಡರಲ್ಲೂ ಅಷ್ಟೇ ಮಬ್ಬಾಗಿದ್ರೆ ಆ ದೊಡ್ಡ ನಂಬರ್ ಬರೀ ನಾಮಕಾವಾಸ್ತೆ. ಇದನ್ನ ವಾಪಸ್ ಕೊಡೋ ಅವಧಿ ಮುಗಿಯೋಕೆ ಮುಂಚೆ ಮಾಡಬೇಕು ಅಷ್ಟೇ.

ಈಗ ಆ ಎರಡನೇ ಮಾತು, ಯಾವ ಪೋರ್ಟ್ ಆದ್ರೂ ನಡೆಯುತ್ತೆ ಅನ್ನೋದು. ನನಗೆ ಜಾಸ್ತಿ ಬೇಜಾರಾಗಿದ್ದು ಇದಕ್ಕೇ, ಯಾಕಂದ್ರೆ ಪಿಸಿ ಕಟ್ಟೋನಿಗೆ ಮಾತ್ರ ಇದನ್ನ ಮೊದಲೇ ಸರಿಮಾಡಿಕೊಳ್ಳೋ ಅವಕಾಶ ಇರೋದು, ಅವನಿಗೇ ತಪ್ಪು ಹೇಳಿದ್ರೆ ಹೇಗೆ. ವೆಬ್‌ಕ್ಯಾಮ್ ಅನ್ನೋ ವಸ್ತು ಹುಟ್ಟಿದಾಗಿಂದ ಅದರ ಕೊರಳು ಹಿಡಿದಿರೋದು ವೈರು. 1994ರಲ್ಲಿ ಕನೆಕ್ಟಿಕ್ಸ್ ಕಂಪನಿಯ ಕ್ವಿಕ್‌ಕ್ಯಾಮ್ ಬಂತಲ್ಲ, ಮ್ಯಾಕಿಂಟಾಷ್‌ನ ಸೀರಿಯಲ್ ಪೋರ್ಟಿಗೆ ಹಾಕೋದು, ಬರೀ ಕಪ್ಪು ಬಿಳುಪು, 320×240, ಅಷ್ಟೇ ಆ ವೈರಲ್ಲಿ ಹೋಗೋಕೆ ಸಾಧ್ಯ ಇದ್ದಿದ್ದು. ಆಮೇಲೆ ಯುಎಸ್‌ಬಿ ಬಂತು. ಯುಎಸ್‌ಬಿ 2ರ ವೇಗ ಕಾಗದದ ಮೇಲೆ 480 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ 480 ಮೆಗಾಬಿಟ್. 1080ಪಿ ವಿಡಿಯೋನ ಕಂಪ್ರೆಸ್ ಮಾಡದೇ ಒಂದು ಪಿಕ್ಸೆಲ್ಲಿಗೆ 16 ಬಿಟ್ ಲೆಕ್ಕದಲ್ಲಿ ಸೆಕೆಂಡಿಗೆ 30 ಫ್ರೇಮ್ ಕಳಿಸಬೇಕು ಅಂದ್ರೆ ಸುಮಾರು 995 ಎಂಬಿಪಿಎಸ್ ಬೇಕು, ಎರಡು ಪಟ್ಟಿಗಿಂತ ಜಾಸ್ತಿ. 720ಪಿಗೇ 442 ಬೇಕು, ಅದೂ ಯುಎಸ್‌ಬಿ 2ರಲ್ಲಿ ನಿಜವಾಗಿ ಹೋಗಲ್ಲ, 480ರಲ್ಲಿ ಪೂರ್ತಿ ಯಾವತ್ತೂ ಕೈಗೆ ಸಿಗಲ್ಲ. ಅದಕ್ಕೇ ಯುಎಸ್‌ಬಿ 2 ಕ್ಯಾಮೆರಾಗಳು ಒಂದೊಂದು ಫ್ರೇಮನ್ನೂ ಜೆಪೆಗ್ ಚಿತ್ರ ಮಾಡಿ ಹಿಂಡಿ ಕಳಿಸ್ತಾವೆ, ಅದಕ್ಕೆ ಎಂಜೆಪೆಗ್ ಅಂತ ಹೆಸರು. ತಪ್ಪೇನಿಲ್ಲ, ಕೆಲಸ ನಡೆಯುತ್ತೆ, ಆದ್ರೆ ಕ್ಯಾಮೆರಾ ಒಂದು ಸಲ ಹಿಂಡುತ್ತೆ, ಮೀಟಿಂಗ್ ಆಪು ಇನ್ನೊಂದು ಸಲ ಹಿಂಡುತ್ತೆ. ಯುಎಸ್‌ಬಿ 3 ಆದ್ರೆ 5 ಜಿಬಿಪಿಎಸ್, ಅಂದ್ರೆ 5000 ಎಂಬಿಪಿಎಸ್, ಅಲ್ಲಿ 1080ಪಿ ಹಿಂಡದೇನೇ ಆರಾಮಾಗಿ ಹೋಗುತ್ತೆ, 60 ಫ್ರೇಮೂ ಹೋಗುತ್ತೆ. ಯುಎಸ್‌ಬಿ 3 ಕ್ಯಾಮೆರಾ ತಂದು ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದ್ರೆ ಕೆಲವು ಹಠ ಹಿಡಿದು ಸುಮ್ನೆ ಕೂರ್ತಾವೆ, ಕೆಲವು ಸದ್ದಿಲ್ಲದೆ ಕೆಳದರ್ಜೆ ಫಾರ್ಮ್ಯಾಟಿಗೆ ಇಳೀತಾವೆ, ಕಂಪ್ಯೂಟರ್ ಏನೂ ಹೇಳಲ್ಲ, ನೀವು ದುಡ್ಡು ಕೊಟ್ಟಿದ್ದು ಒಂದಕ್ಕೆ ನೋಡ್ತಿರೋದು ಇನ್ನೊಂದು.

ಇನ್ನೊಂದು ಸೂಕ್ಷ್ಮ ಇದೆ. ಪೆನ್‌ಡ್ರೈವ್ ಆದ್ರೆ ಡೇಟಾ ನಿಧಾನಕ್ಕೆ ಬಂದ್ರೂ ಬರುತ್ತೆ, ತಪ್ಪಿದ್ದನ್ನ ಮತ್ತೆ ಕೇಳಿ ತರಿಸ್ಕೊಳ್ಳುತ್ತೆ. ವೆಬ್‌ಕ್ಯಾಮ್‌ಗಳಲ್ಲಿ ಹೆಚ್ಚಿನವು ಹಾಗಲ್ಲ, ಲೈವ್ ವಿಡಿಯೋ ಅಲ್ವಾ, ಯುಎಸ್‌ಬಿ ವೈರಿನ ಮೇಲೆ ತನ್ನ ಪಾಲಿನ ಜಾಗ ಮೊದಲೇ ಕಾದಿರಿಸ್ಕೊಳ್ಳುತ್ತೆ, ದಾರೀಲಿ ಕಳೆದುಹೋಗಿದ್ದು ಹೋಯ್ತು. ಅದಕ್ಕೇ ಒಂದೇ ಅಗ್ಗದ ಹಬ್‌ಗೆ, ಅಂದ್ರೆ ಒಂದು ಪೋರ್ಟನ್ನ ಹಲವು ಮಾಡೋ ಡಬ್ಬಕ್ಕೆ, ಎರಡು ಕ್ಯಾಮೆರಾ ಹಾಕಿದ್ರೆ ಎರಡನೇದು ಎಷ್ಟೋ ಸಲ ಶುರುವೇ ಆಗಲ್ಲ, ಅಥವಾ ಕ್ಯಾಮೆರಾ ಜೊತೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕೂ ಆಡಿಯೋ ಇಂಟರ್‌ಫೇಸೂ ಒಂದೇ ಹಬ್‌ನಲ್ಲಿ ಇದ್ರೆ ಚಿತ್ರ ಅಲ್ಲಲ್ಲಿ ಹರಿಯುತ್ತೆ. ಮದರ್‌ಬೋರ್ಡಿನ ಹಿಂದಿನ ಪೋರ್ಟಿಗೆ ನೇರವಾಗಿ ಹಾಕಿ. ನೀಲಿ ಬಣ್ಣ ಇದ್ರೆ ಯುಎಸ್‌ಬಿ 3 ಕಪ್ಪು ಇದ್ರೆ 2 ಅನ್ನೋದು ಸಾಮಾನ್ಯವಾಗಿ ಸರಿ ಆದ್ರೆ ಬೋರ್ಡ್ ಕಂಪನಿಗಳು ಚಂದಕ್ಕೆ ಅಂತ ಬಣ್ಣ ಬದಲಾಯಿಸ್ತಾ ಇರ್ತಾರೆ, ಮ್ಯಾನುಯಲ್ ತೆಗೆದು ನೋಡೋದೇ ವಾಸಿ.

ಅದಕ್ಕೇ ನಾನು ಹೇಳೋದು ಕ್ಯಾಮೆರಾ ಯಾವ್ದು ಅನ್ನೋದನ್ನ ಬೋರ್ಡು, ಕ್ಯಾಬಿನೆಟ್ಟು ಆರ್ಡರ್ ಮಾಡೋಕೆ ಮುಂಚೇನೇ ಯೋಚಿಸಿ ಅಂತ. ಕೆಲವು ಕ್ಯಾಮೆರಾಗಳ ವೈರ್ ತುದೀಲಿ ಟೈಪ್-ಸಿ ಪ್ಲಗ್ ಮಾತ್ರ ಇರುತ್ತೆ, ಲಾಜಿಟೆಕ್ ಸ್ಟ್ರೀಮ್‌ಕ್ಯಾಮ್ ಹಾಗೇ. ಕ್ಯಾಬಿನೆಟ್ ಮುಂದೆ ಟೈಪ್-ಸಿ ತೂತು ಇದೆ ಅಂತ ಖುಷಿಪಡೋ ಹಾಗಿಲ್ಲ, ಅದರ ಒಳಗಿನ ವೈರ್ ಹೋಗಿ ಕೂರೋಕೆ ಮದರ್‌ಬೋರ್ಡಲ್ಲಿ ಟೈಪ್-ಇ ಅನ್ನೋ ಬೇರೆ ಹೆಡರ್, ಅಂದ್ರೆ ವೈರ್ ಸಿಕ್ಕಿಸೋ ಜಾಗ, ಬೇಕು, ಕಡಿಮೆ ದರ್ಜೆಯ ಎಷ್ಟೋ ಬೋರ್ಡಲ್ಲಿ ಅದು ಇರೋದೇ ಇಲ್ಲ, ಆಗ ಆ ತೂತು ಬರೀ ಅಲಂಕಾರ. ಮುಂದಿನ ಸಾಮಾನ್ಯ ಯುಎಸ್‌ಬಿ 3 ಪೋರ್ಟುಗಳಿಗೆ 19 ಪಿನ್ನಿನ ದಪ್ಪ ಕನೆಕ್ಟರ್, ಯುಎಸ್‌ಬಿ 2ಕ್ಕೆ 9 ಪಿನ್ನಿಂದು. ಆ 19 ಪಿನ್ನಿಂದು ಮೊದಲ ಸಲ ಕಟ್ಟೋರ ಕೈಯಲ್ಲಿ ಪಿನ್ ಬಗ್ಗೋದು ಬಲು ಸುಲಭ, ನೇರ ಹಿಡಿದು ನಿಧಾನಕ್ಕೆ ಒತ್ತಿ, ವೈರ್ ಗಟ್ಟಿ ಇರೋದ್ರಿಂದ ಗ್ರಾಫಿಕ್ಸ್ ಕಾರ್ಡ್ ಕೂರಿಸೋಕೆ ಮುಂಚೇನೇ ಹಾಕ್ಬಿಡಿ.

ಇನ್ನು ವೈರಿನ ಉದ್ದ. ವೆಬ್‌ಕ್ಯಾಮ್ ವೈರು ಸಾಮಾನ್ಯವಾಗಿ ಒಂದೂವರೆ ಮೀಟರ್ ಇರುತ್ತೆ, ಲ್ಯಾಪ್‌ಟಾಪಿಗೆ ಅದು ಹೆಚ್ಚೇ ಆಯ್ತು. ಆದ್ರೆ ಕ್ಯಾಬಿನೆಟ್ ಮೇಜಿನ ಕೆಳಗೆ ನೆಲದ ಮೇಲೆ, ಮಾನಿಟರ್ ಮೇಜಿನ ಮೇಲೆ ಸ್ಟ್ಯಾಂಡಿನ ತೋಳಲ್ಲಿ, ವೈರನ್ನ ಹಿಂದಿಂದ ಬಳಸಿ ತಂದ್ರೆ ಅಷ್ಟು ಸಾಲೋದು ಕಷ್ಟ. ಯುಎಸ್‌ಬಿ 2ಕ್ಕೆ ಒಟ್ಟು ಐದು ಮೀಟರ್‌ವರೆಗೂ ಎಳೀಬಹುದು, ಯುಎಸ್‌ಬಿ 3ಕ್ಕೆ ಮೂರು ಮೀಟರ್ ಸುತ್ತಮುತ್ತ ಇದ್ರೆ ಕ್ಷೇಮ, ಅಗ್ಗದ ಎಕ್ಸ್‌ಟೆನ್ಶನ್ ವೈರ್ ಹಾಕಿದ್ರೆ ಯುಎಸ್‌ಬಿ 3 ಕ್ಯಾಮೆರಾ ಮಧ್ಯ ಮಧ್ಯ ಮಾಯ ಆಗೋದು ಶುರು ಮಾಡುತ್ತೆ. ಮಾನಿಟರ್ ಅಂಚು ತೀರಾ ತೆಳ್ಳಗಿದ್ರೆ ಅಥವಾ ಬಾಗಿದ ಮಾನಿಟರ್ ಆದ್ರೆ ಕ್ಲಿಪ್ ಸರಿಯಾಗಿ ಕೂರಲ್ಲ, ಮೇಲೆ ಲೈಟ್‌ಬಾರ್ ಹಾಕಿದ್ರಂತೂ ಇಬ್ಬರಿಗೂ ಒಂದೇ ಜಾಗಕ್ಕೆ ಜಗಳ. ಕೆಳಗೆ ಟ್ರೈಪಾಡ್ ಸ್ಕ್ರೂ ಕೂರಿಸೋ ಕಾಲು ಇಂಚಿನ ತೂತು ಇರೋ ಕ್ಯಾಮೆರಾ ತಗೊಂಡ್ರೆ ಈ ತಲೆನೋವಿಲ್ಲ, ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು.

ಎಷ್ಟು ಅಗಲ ಕಾಣಬೇಕು ಅನ್ನೋದನ್ನ ಯಾರೂ ಕೇಳೋದೇ ಇಲ್ಲ, ಡಬ್ಬದ ಮೇಲೆ 90 ಡಿಗ್ರಿ 110 ಡಿಗ್ರಿ ಅಂತ ಇದ್ರೆ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದ್ಕೋತಾರೆ. ಆ ಡಿಗ್ರಿ ಸಾಮಾನ್ಯವಾಗಿ ಮೂಲೆಯಿಂದ ಮೂಲೆಗೆ ಅಳೆದಿದ್ದು. ನೀವು ಕ್ಯಾಮೆರಾದಿಂದ 60 ಸೆಂಟಿಮೀಟರ್ ದೂರ ಕೂತಿದ್ರೆ 65 ಡಿಗ್ರಿ ಲೆನ್ಸಲ್ಲಿ ಸುಮಾರು 67 ಸೆಂಟಿಮೀಟರ್ ಅಗಲ ಕಾಣುತ್ತೆ, 78ರಲ್ಲಿ 85, 90ರಲ್ಲಿ ಒಂದು ಮೀಟರ್ ದಾಟುತ್ತೆ. ಒಬ್ಬರ ಭುಜದಿಂದ ಭುಜಕ್ಕೆ ಅರ್ಧ ಮೀಟರ್ ಇದ್ರೆ ಹೆಚ್ಚು, ಉಳಿದಿದ್ದೆಲ್ಲ ನಿಮ್ಮ ಹಿಂದಿನ ಬಾಗಿಲು, ಒಣಹಾಕಿರೋ ಬಟ್ಟೆ, ಓಡಾಡೋ ಜನ. ಲಾಜಿಟೆಕ್ ಸಿ920 2012ರಲ್ಲಿ ಬಂದಿದ್ದು, ಇವತ್ತಿಗೂ ಎಷ್ಟೋ ಮೇಜಿನ ಮೇಲೆ ಕೂತಿದೆ, ಅದು 78 ಡಿಗ್ರಿ, ಒಬ್ಬರಿಗೆ ಸರಿಯಾದ ಅಳತೆ ಅಂತ ನನ್ನ ಲೆಕ್ಕ. ಅದೇ ಕಂಪನಿಯ ಬ್ರಿಯೋ 4ಕೆಯಲ್ಲಿ 65, 78, 90 ಮೂರರಲ್ಲಿ ಬೇಕಾದ್ದು ಆರಿಸ್ಕೋಬಹುದು. ಇಬ್ಬರು ಮೂವರು ಒಟ್ಟಿಗೆ ಕೂರೋದಿದ್ರೆ ಮಾತ್ರ ಅಗಲ ನೋಡಿ.

ಫೋಕಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲ್ಲ, ಆದ್ರೂ ಹೇಳ್ತೀನಿ. ಕುರ್ಚೀಲಿ ಕೂತು ಮಾತಾಡೋನಿಗೆ ಫಿಕ್ಸೆಡ್ ಫೋಕಸ್ಸೇ, ಅಂದ್ರೆ ಫೋಕಸ್ ಒಂದೇ ದೂರಕ್ಕೆ ಕೂತಿರೋದೇ, ವಾಸಿ. ಆಟೋಫೋಕಸ್ ಇದ್ದು ಅದು ಸುಮಾರಾಗಿದ್ರೆ ನೀವು ಕೈ ಎತ್ತಿದ್ರೆ ಕೈಗೆ ಹೋಗುತ್ತೆ, ಹಿಂದೆ ಫ್ಯಾನ್ ತಿರುಗಿದ್ರೆ ಅದಕ್ಕೆ ಹೋಗುತ್ತೆ, ವಾಪಸ್ ಬರೋವಾಗ ಹಿಂದೆ ಮುಂದೆ ತಡಕಾಡುತ್ತೆ, ಅದೇ ಹೊತ್ತಿಗೆ ಬೆಳಕಿನ ಹದ ತಾನೇ ಬದಲಾಯಿಸೋ ಆಟೋ ಎಕ್ಸ್‌ಪೋಷರ್ ತಾನೊಂದು ಕಡೆ ಎಳೀತಿರುತ್ತೆ, ಎತ್ತು ಏರಿಗೆ ಕೋಣ ನೀರಿಗೆ. ವಸ್ತು ಹತ್ತಿರ ಹಿಡಿದು ತೋರಿಸೋರಿಗೆ, ಸರ್ಕ್ಯೂಟ್ ಬೋರ್ಡು ಕಸೂತಿ ಪುಸ್ತಕ ಹೀಗೆ, ಅವರಿಗೆ ಆಟೋಫೋಕಸ್ ಬೇಕೇ ಬೇಕು, ಆದ್ರೆ ಬೇಡ ಅಂದಾಗ ಲಾಕ್ ಮಾಡೋಕೆ ಬರಬೇಕು. ಒಬಿಎಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಂಡ್ರೆ ವಿಂಡೋಸಲ್ಲಿ ಫೋಕಸು ಎಕ್ಸ್‌ಪೋಷರು ಬಿಳಿ ಬಣ್ಣದ ಹದ ಎಲ್ಲಾ ಕೈಯಲ್ಲೇ ಕೂರಿಸಬಹುದು, ಕ್ಯಾಮೆರಾ ಯಾವ ಫಾರ್ಮ್ಯಾಟಲ್ಲಿ ಎಷ್ಟು ಫ್ರೇಮ್ ಕೊಡುತ್ತೆ ಅನ್ನೋದೂ ಅಲ್ಲೇ ಕಾಣುತ್ತೆ, ಡಬ್ಬದ ಮಾತು ನಿಜಾನಾ ಅಂತ ಅಲ್ಲೇ ಬಯಲಾಗುತ್ತೆ.

ಮೈಕು. ವೆಬ್‌ಕ್ಯಾಮ್‌ನಲ್ಲಿರೋ ಮೈಕನ್ನ ಲೆಕ್ಕಕ್ಕೆ ಹಿಡೀಬೇಡಿ. ಬಾಯಿಂದ ಅಷ್ಟು ದೂರ, ಮಧ್ಯದಲ್ಲಿ ಕೀಬೋರ್ಡ್ ಸದ್ದು, ಗೋಡೆಗೆ ಬಡಿದು ಬರೋ ಪ್ರತಿಧ್ವನಿ, ಕೆಳಗೆ ಕ್ಯಾಬಿನೆಟ್ ಫ್ಯಾನು. ಸಾಮಾನ್ಯ ಹೆಡ್‌ಸೆಟ್ ಮೈಕೂ ಇದಕ್ಕಿಂತ ಚೆನ್ನಾಗಿರುತ್ತೆ. 2021ರಲ್ಲಿ ಬಂದ ಎಲ್ಗ್ಯಾಟೊ ಫೇಸ್‌ಕ್ಯಾಮ್‌ನಲ್ಲಿ ಮೈಕೇ ಇಟ್ಟಿಲ್ಲ, ಅದನ್ನ ಕೊರತೆ ಅಂತ ಬೈದೋರು ತುಂಬ ಜನ, ನನಗಂತೂ ಅದು ಪ್ರಾಮಾಣಿಕತೆ ಅನ್ಸುತ್ತೆ. ಮುಖ ಮಬ್ಬಾದ್ರೆ ಜನ ಸಹಿಸ್ಕೋತಾರೆ, ಮಾತು ಕೇಳಿಸಲಿಲ್ಲ ಅಂದ್ರೆ ಮೀಟಿಂಗ್ ಬಿಟ್ಟು ಹೋಗ್ತಾರೆ.

ಕ್ಯಾಮೆರಾ ಮೇಲೆ ಇನ್ನೂ ಸ್ವಲ್ಪ ಹಾಕೋಣ ಅನ್ನೋ ಯೋಚನೆ ಇದ್ರೆ ಅದನ್ನ ಒಂದು ದೀಪಕ್ಕೆ ಹಾಕಿ. ಕ್ಯಾಮೆರಾಕ್ಕೇ ಅಂಟಿರೋ ರಿಂಗ್ ಲೈಟ್ ಬೇಡ, ಕನ್ನಡಕ ಹಾಕೋರಿಗೆ ಎರಡೂ ಗಾಜಲ್ಲಿ ಎರಡು ಉಂಗುರ ಕಾಣುತ್ತೆ, ಕಣ್ಣಿಗೂ ಚುಚ್ಚುತ್ತೆ. ಸಾಮಾನ್ಯ ಟೇಬಲ್ ಲ್ಯಾಂಪನ್ನ ಮಾನಿಟರ್ ಪಕ್ಕದಲ್ಲಿ ಸ್ವಲ್ಪ ಮೇಲೆ ಇಟ್ಟು ಎದುರಿನ ಬಿಳಿ ಗೋಡೆಗೆ ತಿರುಗಿಸಿದ್ರೆ ಅಲ್ಲಿಂದ ಹಿಂತಿರುಗಿ ಬರೋ ಮೆತ್ತನೆ ಬೆಳಕೇ ಸಾಕು. ಕಿಟಕಿ ಬೆನ್ನ ಹಿಂದೆ ಇದ್ರೆ ಯಾವ ಕ್ಯಾಮೆರಾ ತಂದ್ರೂ ಅಷ್ಟೇ, ಮೇಜು ತಿರುಗಿಸಿ. ದೀಪ ಹಾಕಿದಾಗ ಚಿತ್ರದಲ್ಲಿ ಅಡ್ಡ ಪಟ್ಟೆ ಮೇಲೆ ಕೆಳಗೆ ಹರೀತಿದ್ರೆ ಹೆದರಬೇಡಿ, ಕ್ಯಾಮೆರಾ ಕೆಟ್ಟಿಲ್ಲ, ಕರೆಂಟು ಸೆಕೆಂಡಿಗೆ 50 ಸಲ ಬಡಿಯೋ ಕಡೆ ಬಲ್ಬು 100 ಸಲ ಮಿನುಗುತ್ತೆ, ಕ್ಯಾಮೆರಾ ಸೆಟ್ಟಿಂಗ್ 60 ಹರ್ಟ್ಜ್‌ನಲ್ಲಿ ಕೂತಿದ್ರೆ ಎರಡಕ್ಕೂ ತಾಳ ಕೂಡಲ್ಲ. ಆಂಟಿ ಫ್ಲಿಕರ್ ಅಂತ ಒಂದು ಆಯ್ಕೆ ಇರುತ್ತೆ, ನಿಮ್ಮಲ್ಲಿ ಕರೆಂಟ್ 50 ಆದ್ರೆ 50, 60 ಆದ್ರೆ 60 ಅಂತ ಹಾಕಿದ್ರೆ ಸರಿಹೋಗುತ್ತೆ.

ಡ್ರೈವರ್ ಬಗ್ಗೆ ಲೇಖನದಲ್ಲಿ ಸಿಡಿ, ಡೌನ್‌ಲೋಡ್ ಅಂತೆಲ್ಲ ಇತ್ತು, ಅದರ ಕಾಲ ಮುಗೀತು. ಯುಎಸ್‌ಬಿ ವಿಡಿಯೋ ಕ್ಲಾಸ್, ಯುವಿಸಿ ಅಂತಾರೆ, ಅದರ ಮೊದಲ ಆವೃತ್ತಿ ಬಂದಿದ್ದೇ 2003ರಲ್ಲಿ, ಅದನ್ನ ಪಾಲಿಸೋ ಕ್ಯಾಮೆರಾ ವಿಂಡೋಸು ಮ್ಯಾಕು ಲಿನಕ್ಸು ಯಾವುದಕ್ಕೆ ಚುಚ್ಚಿದ್ರೂ ಡ್ರೈವರ್ ಇಲ್ದೇ ಚಿತ್ರ ಬರುತ್ತೆ. ಲಿನಕ್ಸ್ ಹಾಕೋ ಯೋಚನೆ ಇರೋರು ಇದೊಂದನ್ನ ಖಾತ್ರಿ ಮಾಡ್ಕೊಳ್ಳಿ, ಜೊತೆಗೆ ಕಂಪನಿಯ ಆಪ್ ಮೂಲಕ ಮಾತ್ರ ಸಿಗೋ ಫೀಚರ್‌ಗಳನ್ನ ಲೆಕ್ಕದಿಂದ ಬಿಟ್ಬಿಡಿ. ಹಿನ್ನೆಲೆ ಮಸುಕು ಮಾಡೋದು, ಕಣ್ಣು ಕ್ಯಾಮೆರಾನೇ ನೋಡ್ತಿರೋ ಹಾಗೆ ತೋರಿಸೋದು ಇಂಥವಕ್ಕೆ ದುಬಾರಿ ಕ್ಯಾಮೆರಾ ಬೇಡ, ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ ಸರಣಿಯ ಗ್ರಾಫಿಕ್ಸ್ ಕಾರ್ಡ್ ಹಾಕೋದಿದ್ರೆ ಎನ್‌ವಿಡಿಯಾ ಬ್ರಾಡ್‌ಕಾಸ್ಟ್ ಅನ್ನೋ ಸಾಫ್ಟ್‌ವೇರ್ ಅದನ್ನೆಲ್ಲ ಮಾಡುತ್ತೆ, ಯಾವ ಕ್ಯಾಮೆರಾ ಆದ್ರೂ ಆಗುತ್ತೆ. ಮುಖ ನೋಡಿ ವಿಂಡೋಸ್ ಲಾಗಿನ್ ಆಗಬೇಕು ಅಂದ್ರೆ ಮಾತ್ರ ಇನ್‌ಫ್ರಾರೆಡ್ ಇರೋ, ವಿಂಡೋಸ್ ಹಲೋ ಅಂತ ಬರೆದಿರೋ ಕ್ಯಾಮೆರಾನೇ ಬೇಕು. ಮುಚ್ಚಳ ಇರೋದು ತಗೊಳ್ಳಿ, ದೀಪ ಆರಿದೆ ಅಂದ್ರೆ ಕ್ಯಾಮೆರಾ ಆಫ್ ಅಂತ ಪೂರ್ತಿ ನಂಬೋಕಾಗಲ್ಲ, ಹಳೇ ಮ್ಯಾಕ್‌ಬುಕ್‌ಗಳಲ್ಲಿ ದೀಪ ಹತ್ತದೇ ಕ್ಯಾಮೆರಾ ಓಡಿಸಬಹುದು ಅಂತ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೋರು 2013ರಲ್ಲಿ ಮಾಡಿ ತೋರಿಸಿದಾರೆ. ಡೆಸ್ಕ್‌ಟಾಪಲ್ಲಿ ಇನ್ನೂ ಸುಲಭದ ಉಪಾಯ ಇದೆ ಅನ್ನಿ, ವೈರ್ ಕಿತ್ರೆ ಆಯ್ತು.

ಇಷ್ಟೆಲ್ಲ ಯಾಕೆ, ಫೋನನ್ನೇ ವೆಬ್‌ಕ್ಯಾಮ್ ಮಾಡ್ಕೊಂಡ್ರಾಯ್ತಲ್ಲ ಅಂತ ಕೆಲವರು ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಫೋನಿನ ಹಿಂದಿನ ಕ್ಯಾಮೆರಾ ಸೆನ್ಸರ್ ಮುಂದೆ ಹೆಚ್ಚಿನ ವೆಬ್‌ಕ್ಯಾಮ್‌ಗಳು ನಿಲ್ಲೋದೇ ಇಲ್ಲ. ಆಂಡ್ರಾಯ್ಡ್ 14 ಬಂದ್ಮೇಲೆ ಕೆಲವು ಫೋನುಗಳಲ್ಲಿ ಯುಎಸ್‌ಬಿ ವೈರ್ ಹಾಕಿದ್ರೆ ವೆಬ್‌ಕ್ಯಾಮ್ ಅನ್ನೋ ಆಯ್ಕೆನೇ ಬರುತ್ತೆ, ಯಾವ ಆಪೂ ಬೇಡ, ಇಲ್ಲದ ಫೋನಿಗೆ ಡ್ರಾಯ್ಡ್‌ಕ್ಯಾಮ್ ಥರದ ಆಪ್ ಇದೆ. ಐಫೋನನ್ನ ವೆಬ್‌ಕ್ಯಾಮ್ ಮಾಡೋ ಕಂಟಿನ್ಯುಟಿ ಕ್ಯಾಮೆರಾ ಮ್ಯಾಕ್ ಥರದ ಆಪಲ್ ಸಾಧನಗಳಿಗೆ ಮಾತ್ರ, ನೀವು ಕಟ್ಟಿದ ವಿಂಡೋಸ್ ಪಿಸಿಗೆ ಅಂದ್ರೆ ಮತ್ತೆ ಬೇರೆಯವರ ಆಪ್ಪೇ ಗತಿ. ಯಾವಾಗೋ ಒಂದು ಕಾಲ್ ಇರೋರಿಗೆ ಇದೇ ಸರಿ, ವೆಬ್‌ಕ್ಯಾಮ್ ಕೊಳ್ಳಲೇಬೇಡಿ ಅಂತಾನೇ ನಾನು ಹೇಳೋದು. ದಿನಾ ಗಂಟೆಗಟ್ಟಲೆ ಮೀಟಿಂಗಲ್ಲಿ ಕೂರೋರಿಗೆ ಫೋನು ಬಿಸಿ ಆಗುತ್ತೆ, ಮಧ್ಯದಲ್ಲಿ ಯಾರೋ ಕರೆ ಮಾಡ್ತಾರೆ, ಓಟಿಪಿ ನೋಡಬೇಕು ಅಂದ್ರೆ ಫೋನು ಸ್ಟ್ಯಾಂಡಲ್ಲಿ ಸಿಕ್ಕಿಕೊಂಡಿರುತ್ತೆ.

ಸಂಪಾದಕರೇ, ಕೇಳೋದು ಇಷ್ಟೇ. ಮುಂದಿನ ಸಲ ಇಂಥ ಕೋಷ್ಟಕ ಹಾಕೋವಾಗ ರೆಸಲ್ಯೂಶನ್ ಕಾಲಂ ಇರಲಿ, ಆದ್ರೆ ಅದರ ಪಕ್ಕ ಸೆನ್ಸರ್ ಅಳತೆ, ಯುಎಸ್‌ಬಿ 2 ಅಥವಾ 3, ಪ್ಲಗ್ ಯಾವ್ದು, ವೈರ್ ಎಷ್ಟು ಉದ್ದ, ಎಷ್ಟು ಡಿಗ್ರಿ, ಫೋಕಸ್ ಎಂಥದ್ದು ಅಂತ ಇನ್ನೂ ಕೆಲವು ಕಾಲಂ ಸೇರಿಸಿ, ಯಾವ ಕಂಪನಿ ಸೆನ್ಸರ್ ಅಳತೆ ಕೊಡಲ್ವೋ ಅಲ್ಲಿ ಕೊಟ್ಟಿಲ್ಲ ಅಂತಾನೇ ಅಚ್ಚು ಹಾಕಿ. ಜೊತೆಗೆ ಎಲ್ಲಾ ಕ್ಯಾಮೆರಾದಿಂದಲೂ ಒಂದೇ ರೂಮು ಒಂದೇ ಬಲ್ಬು ರಾತ್ರಿ ಹೊತ್ತು ತೆಗೆದ ಒಂದೊಂದು ಚಿತ್ರ, ಸಾಫ್ಟ್‌ವೇರಲ್ಲಿ ತಿದ್ದದೇ, ಸಾಲಾಗಿ ಹಾಕಿ. ಮತ್ತೆ ಯಾವ ಪೋರ್ಟಿಗೆ ಚುಚ್ಚಿದ್ರೂ ನಡೆಯುತ್ತೆ ಅನ್ನೋ ಆ ಸಾಲಿಗೆ ಒಂದು ತಿದ್ದುಪಡಿ ಹಾಕಿದ್ರೆ ಬೋರ್ಡ್ ಆರ್ಡರ್ ಮಾಡೋಕೆ ಹೊರಟಿರೋ ಯಾರಿಗಾದ್ರೂ ಈಗ್ಲೇ ಉಪಯೋಗಕ್ಕೆ ಬರುತ್ತೆ.

ಇಂತಿ,
ನಿಮ್ಮ ಖಾಯಂ ಓದುಗ